ಉಮಾವತಿಯವರ ಭಾನುವಾರ

ಭಾನುವಾರ ಮಧ್ಯಾಹ್ನ ಒಂದೂ ಇಪ್ಪತ್ತು. ಡೊಂಬಿವಲಿಯ ಮನೆಯಲ್ಲಿ ಉಮಾವತಿಯವರು ಬಡಿಸಿಟ್ಟ ಅನ್ನವನ್ನು ಮುಟ್ಟದೆ, ತಟ್ಟೆಯ ಪಕ್ಕದ ಫೋನನ್ನೇ ನೋಡುತ್ತ ಕೂತಿದ್ದರು. ಮುಂಬಯಿಯ ಕನ್ನಡ ಪತ್ರಿಕೆಯೊಂದಕ್ಕೆ ಬಹುಕಾಲದಿಂದ ಊಟ, ಮನೆ, ಹಬ್ಬಗಳ ಅಂಕಣ ಬರೆಯುವ ಈ ಹೆಂಗಸು, ಅಂಕಣ ಅಚ್ಚಾದ ದಿನ ಓದುಗರ ಮನೆಗಳಲ್ಲಿ ಊಟ ಸುಖವಾಗಿ ಮುಗಿದಿರಬಹುದು ಎನ್ನಿಸುವವರೆಗೆ ತುತ್ತು ಎತ್ತುವವರಲ್ಲ.

ಮಗ ಮಯೂರನಿಗೆ ಇದು ತಮಾಷೆ. ಕನ್ನಡ ಅವನಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. “ಅಮ್ಮಾ, ಲೋಗ್ ಸಿರ್ಫ್ ಪಢ್‌ತೇ ಹೈ. ಪಕಾತಾ ಕೌನ್ ಹೈ?” ಓದುವವರೇ ಎಲ್ಲ, ಮಾಡುವವರು ಯಾರಿದ್ದಾರೆ ಎಂಬುದು ಅವನ ವಾದ.

ಉಮಾವತಿಯವರು ಮೊದಲು ಬೇಲಾಪುರದ ಆಹಾರ ಪರೀಕ್ಷಾಲಯವೊಂದರಲ್ಲಿದ್ದರು. ಅಲ್ಲಿಯ ಬಿಳಿ ಕೋಟು, ಕಾಲರು ಸವೆದರೂ, ಇಂದಿಗೂ ಅವರ ಅಡುಗೆಮನೆಯ ಉಡುಪು. ನಡಿಗೆಯೂ ಅಲ್ಲಿಯದೇ: ತುಂಬಿದ ಗಾಜಿನ ಪಾತ್ರೆ ಹಿಡಿದವರಂತೆ ಮೊಣಕೈಯನ್ನು ಮೈಗೊತ್ತಿ, ಸಣ್ಣ ಹೆಜ್ಜೆಗಳಲ್ಲಿ ಲೋಕಲ್ ರೈಲಿನ ನೂಕುನುಗ್ಗಲನ್ನೂ ದಾಟುತ್ತಾರೆ. ಯಾರಾದರೂ ‘ಒಂದು ಹಿಡಿ’ ಎಂದರೆ, “ಯಾರ ಕೈಯ ಹಿಡಿ?” ಎಂದು ಕೇಳದೆ ಬಿಡುವುದಿಲ್ಲ.

ಆ ದಿನ ಅಚ್ಚಾದದ್ದು ಪತ್ರೊಡೆ, ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ತಿಂಡಿ. ಫೋನು ಬಂತು. ಠಾಣೆಯ ವರ್ತಕ ನಗರದಿಂದ ನಳಿನಿ ಎಂಬ ಮೈಸೂರು ಕಡೆಯ ಗೃಹಿಣಿ.

“ಮೇಡಂ, ನಿಮ್ಮ ಪತ್ರೊಡೆ ಮಾಡ್ದೆ. ನಮ್ಮೆಜಮಾನ್ರಿಗೆ ಗಂಟಲು ಊದ್ಕೊಂಡಿದೆ, ಮಾತೇ ಬರ್ತಿಲ್ಲ.”

“ಹುಳಿ ಎಷ್ಟು ಹಾಕಿದ್ರಿ?”

“ಹಾಕ್ಲಿಲ್ಲ, ಇವ್ರಿಗೆ ಆಸಿಡಿಟಿ. ರುಚಿಗೆ ತಕ್ಕಷ್ಟು ಅಂತ ನೀವೇ ಬರೆದಿದ್ರಲ್ಲ.”

“ಈಗಲೇ ಆಸ್ಪತ್ರೆಗೆ ಹೊರಡಿ. ನಾನೂ ಬರ್ತೇನೆ.”

ಅಕ್ಕಿ, ಮೆಣಸು, ಉಪ್ಪು ಎಲ್ಲಕ್ಕೂ ತೂಕ ಕೊಟ್ಟಿದ್ದವರು ಹುಣಸೆಯೊಂದನ್ನು ರುಚಿಗೆ ಬಿಟ್ಟಿದ್ದರು. ಕೆಸುವಿನ ಎಲೆಯ ತುರಿಕೆಯನ್ನು ಮುರಿಯುವುದು ಆ ಹುಳಿಯೇ. ಕರಾವಳಿಯ ಮನೆಗಳಲ್ಲಿ ಇದು ಮಕ್ಕಳಿಗೂ ಗೊತ್ತಿರುವುದರಿಂದ, ಬರೆದು ಹೇಳಬೇಕಾದ ಸಂಗತಿಯೆಂದು ಅಲ್ಲಿಯವರೇ ಆದ ಅವರಿಗೆ ಹೊಳೆದೇ ಇರಲಿಲ್ಲ.

ಠಾಣೆಯ ರೈಲಿನಲ್ಲಿ ಕಿಟಕಿಯಾಚೆ ಒಂದೊಂದು ಕಟ್ಟಡ ಸರಿದಾಗಲೂ, ಅದರೊಳಗಿನ ಯಾವುದೋ ಅಡುಗೆಮನೆಯಲ್ಲಿ ಹುಳಿಯಿಲ್ಲದ ಸುರುಳಿಗಳು ಹಬೆಯಲ್ಲಿ ಬೇಯುತ್ತಿರುವಂತೆ ಅವರಿಗೆ ಕಂಡಿತು. ಸಂಪಾದಕ ಜಯೇಶನಿಗೆ ಫೋನು ಮಾಡಿ, ಓದುಗರ ವಾಟ್ಸ್ಯಾಪ್ ಗುಂಪಿಗೆ ಈಗಲೇ ಎಚ್ಚರಿಕೆ ಹಾಕಬೇಕೆಂದರು. ಅವನು ಹಿಂಜರಿದ. ಒಬ್ಬರಿಗಾದದ್ದನ್ನು ಊರಿಗೆಲ್ಲ ಸಾರಿದರೆ ಅಂಕಣವನ್ನು ಇನ್ನು ಯಾರು ನಂಬುತ್ತಾರೆ, ನಾಳೆ ನೋಡೋಣ ಎಂದ.

“ನಾಳೆ ಅಂದ್ರೆ ಅವರು ತಿಂದಾಗಿರ್ತದಲ್ಲ ಮಾರಾಯ,” ಎಂದು ಫೋನಿಟ್ಟು, ತಾವೇ ಗುಂಪಿನಲ್ಲಿ ಬರೆದರು: ಹುಣಸೆ ಹಾಕದ ಪತ್ರೊಡೆ ತಿನ್ನಬೇಡಿ, ತಪ್ಪು ನನ್ನದು.

ಆಸ್ಪತ್ರೆಯಲ್ಲಿ ನಳಿನಿಯ ಗಂಡ ಅನಂತರಾಮರು ಇಂಜೆಕ್ಷನ್ ತೆಗೆದುಕೊಂಡು ಒರಗಿದ್ದರು. ಊತ ಇಳಿಯುತ್ತಿತ್ತು. ಮೊದಲನೆಯ ತುಂಡಿಗೇ ಗಂಟಲು ಕೆರೆದಿತ್ತಂತೆ. ಮತ್ತೇಕೆ ತಿಂದಿರಿ ಎಂದಾಗ, ಒಡೆದ ದನಿಯಲ್ಲಿ ಹೇಳಿದರು: “ಕರಾವಳಿಯವರ ತಿಂಡಿ ಹೀಗೇ ಇರುತ್ತೇನೋ ಅಂದ್ಕೊಂಡೆ.”

ಉಮಾವತಿಯವರಿಗೆ ನಗು ಬರಲಿಲ್ಲ. ಸಂಜೆಯವರೆಗೂ ಅಲ್ಲೇ ಕೂತು, ಫೋನು ಮಾಡಿದ ಓದುಗರಿಗೆಲ್ಲ ಹುಣಸೆಯ ಅದೇ ಮಾತನ್ನು ಅದೇ ನಿಧಾನದಲ್ಲಿ ಹೇಳಿದರು. ಬೈದವರೂ ಇದ್ದರು. ಅಂಕಣ ನಿಲ್ಲಲಿಲ್ಲವಾದರೂ, ಜಯೇಶ ಕೆಲವು ತಿಂಗಳು ಅವರೊಡನೆ ಬಿಗುವಾಗಿಯೇ ಇದ್ದ.

ಕಾಣದವರ ಒಲೆಗೆ ಬರೆಯುವವರ ಪಾಡೇ ಇದು. ಅವರ ಮಾತು ಎಷ್ಟೋ ಅಡುಗೆಮನೆಗಳೊಳಗೆ ಹೋಗಿ ನಿಲ್ಲುತ್ತದೆ, ಅವರು ಹೋಗಿ ನಿಲ್ಲಲಾರರು. ಮಾತು ಖಾಲಿ ಬಿಟ್ಟ ಜಾಗವನ್ನು ಓದುಗರು ತಮ್ಮ ಊರಿನ ತಿಳಿವಳಿಕೆಯಿಂದ ತುಂಬಿಕೊಳ್ಳುತ್ತಾರೆ. ಇಂಥವರು ಭಯವನ್ನು ಕಳೆದುಕೊಂಡರೆ ಕೆಡುವುದು ರುಚಿಯೊಂದೇ ಅಲ್ಲ. ಮರುವರ್ಷ ಘೋಡಬಂದರ್ ರಸ್ತೆಯ ಮಾಲ್ ಒಂದರ ವೇದಿಕೆಯಲ್ಲಿ ನಿರೂಪಕಿ ಅವರ ಕೈರುಚಿಯ ಗುಟ್ಟೇನೆಂದು ಕೇಳಿದಳು. ಅಮ್ಮನ ನೆನಪು, ಪ್ರೀತಿ ಎಂಬಂಥ ಉತ್ತರಕ್ಕೆ ಚಪ್ಪಾಳೆ ಹೊಡೆಯಲು ಜನ ಸಿದ್ಧರಾಗಿದ್ದರು. ಉಮಾವತಿಯವರು ಮೈಕಿನತ್ತ ಬಾಗಿ ಹೇಳಿದರು: “ಹನ್ನೆರಡು ಎಲೆಗೆ ಹುಣಸೆ, ನಲವತ್ತು ಗ್ರಾಂ.”