ಅಪ್ಪ ಹೊಡೆಸಿದ ಹಸಿರು

ಔಷಧಿ ಅಂಗಡಿಯ ಆ್ಯಪ್‌ಗೆ ಬಣ್ಣ ಹೊಂದಿಸುವವಳು ಬೆಳಗಿನಿಂದ ಅಂಗಡಿಯಲ್ಲೇ ಕೂತು ತಲೆ ಚಚ್ಚಿಕೊಳ್ಳುತ್ತಿದ್ದಳು. ಆ್ಯಪ್‌ಗೂ ಅಂಗಡಿ ಬೋರ್ಡಿನ ತಿಳಿಹಸಿರೇ ಬೇಕಂತೆ; ಅದರ ಮೇಲೆ ಬಿಳಿ ಅಕ್ಷರ ಇಟ್ಟರೆ ಅವಳಿಗೇ ಕಾಣುತ್ತಿರಲಿಲ್ಲ. ಇನ್ನು ಕಣ್ಣು ಮಂಜಾದವರ ಪಾಡೇನು? ಹಸಿರನ್ನು ಗಾಢ ಮಾಡಿ ತೋರಿಸಿದ್ದಕ್ಕೆ ಮಾಲೀಕ ಉರಿದುಬಿದ್ದ.

"ಅದು ನಮ್ಮಪ್ಪ ಹೊಡೆಸಿದ ಬಣ್ಣ ಕಣಮ್ಮಾ. ಒಂದು ಚೂರೂ ಮುಟ್ಟಬೇಡ!"

ಕೂತಲ್ಲಿ ಕೂರಲಾಗದೆ ಅವಳು ಹೊರಗೆ ಬಂದು ಬೋರ್ಡನ್ನು ದುರುಗುಟ್ಟಿ ನೋಡಿದಳು. ಮೂಲೆಯಲ್ಲಿ ಹಳೆಯ ಫೋನ್ ನಂಬರಿನ ತಗಡೊಂದು ಒಂದೇ ಮೊಳೆಗೆ ಜೋತುಬಿದ್ದಿತ್ತು. ಸ್ಟೂಲು ಹತ್ತಿ ಅದನ್ನು ಸರಿಸಿದಳು. ಮೂವತ್ತು ವರ್ಷ ಬಿಸಿಲು ಬೀಳದ ಆ ಜಾಗದಲ್ಲಿ, ಅವಳು ಈಗಷ್ಟೇ ತೋರಿಸಿದ್ದ ಕಡುಹಸಿರೇ ಹೊಳೆಯುತ್ತಿತ್ತು.

"ಸಾರ್, ಸ್ವಲ್ಪ ಬನ್ನಿ ಇಲ್ಲಿ."

ಬಂದವನು ಒಮ್ಮೆ ಆ ಜಾಗವನ್ನೂ ಒಮ್ಮೆ ಉಳಿದ ಬೋರ್ಡನ್ನೂ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ದಿನಾ ಈ ಬಾಗಿಲು ತೆಗೆಯೋನು ನಾನೇ ಅಲ್ವೇನಮ್ಮಾ? ಬಣ್ಣ ಮಾಸಿದ್ದು ನನಗೇ ಕಾಣಲಿಲ್ವಾ?"