ಗೇಟಿನ ಮೇಲಿನ ಹೆಸರು

ಹೇಮಂತ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ, “ಕೌಮುದಿ ಎವರು?” ಎಂದು ತೆಲುಗಿನಲ್ಲಿ ಕೇಳಿದ. ಕೌಮುದಿ ಯಾರು ಎಂದು.

ಕೂಕಟ್‌ಪಲ್ಲಿಯಲ್ಲಿ ನಮ್ಮ ಗಲ್ಲಿಯ ತುದಿಗೆ ಅವನದೊಂದು ಅರ್ಜಿ ತುಂಬಿಕೊಡುವ ಅಂಗಡಿಯಿದೆ. ಮಗಳು ತಾರಾಳ ಡಿಗ್ರಿ ಕಾಲೇಜಿನ ಫೀಸಿಗೆ ಸರ್ಕಾರದ ಸಹಾಯ ಕೇಳಿ ಅರ್ಜಿ ಹಾಕಲು ನಾನೂ ಅವಳೂ ಹೋಗಿದ್ದೆವು. ನಮ್ಮ ಮನೆಯಲ್ಲಿ ಕೌಮುದಿ ಒಬ್ಬಳು, ತಾರಾ ಒಬ್ಬಳು, ಹೀಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆಂದು ಅವನು ತಿಳಿದಿದ್ದ. ಅರ್ಜಿ ಯಾರದು ಹೇಳಿ ಎಂದ.

ನಮಗಿರುವುದು ಒಬ್ಬಳೇ ಮಗಳು. ಆಧಾರ್ ಕಾರ್ಡಿನಲ್ಲಿ ಅವಳು ಬರೀ ತಾರಾ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಕೌಮುದಿ ತಾರಾ. ಎರಡೂ ಕಡೆ ಒಂದೇ ಹೆಸರಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದು ಹೇಮಂತ ತಿಳಿಸಿದ. ಅರ್ಜಿ ಕೊಡಲು ಆ ತಿಂಗಳ ಕೊನೆಯವರೆಗೆ ಮಾತ್ರ ಸಮಯವಿತ್ತು. ಸರ್ಕಾರದಿಂದ ಫೀಸು ಬಾರದಿದ್ದರೆ ನೀವೇ ಕಟ್ಟಬೇಕು, ಇಲ್ಲವಾದರೆ ಸೀಟು ಬಿಡಬೇಕು ಎಂದು ಕಾಲೇಜಿನವರು ಸೇರುವಾಗಲೇ ಹೇಳಿದ್ದರು. ಕಟ್ಟುವುದು ನಮ್ಮಿಂದ ಆಗದ ಮಾತು. ತಾರಾಳ ಅಪ್ಪ ಟೈಲ್ಸ್ ಕೂಡಿಸುವ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಹಾಸ್ಟೆಲಿನಲ್ಲಿರುವ ನಮ್ಮ ಕಡೆಯ ಹುಡುಗರಿಗೆ ಕೊಡುತ್ತೇನೆ.

ಕೌಮುದಿ ಎನ್ನುವುದು ಇದೇ ನಗರದ ಉಪ್ಪಲ್‌ನ ಒಂದು ಮನೆಯ ಹೆಸರು. ನಾವು ಲಿಂಗಸುಗೂರು ಕಡೆಯಿಂದ ಬಂದ ಹೊಸದರಲ್ಲಿ ತಾರಾಳ ಅಪ್ಪ ಮೌನಪ್ಪ ಅಲ್ಲಿ ವಾಚ್‌ಮನ್ ಆಗಿದ್ದರು. ಗೇಟಿನ ಪಕ್ಕದ ಕೋಣೆಯಲ್ಲಿ ನಮ್ಮ ಸಂಸಾರ. ತಾರಾಳನ್ನು ಒಂದನೆಯ ತರಗತಿಗೆ ಸೇರಿಸಲು ಅವರೇ ಕರೆದುಕೊಂಡು ಹೋದರು. ಹೆಸರು ಬರೆದುಕೊಳ್ಳುತ್ತಿದ್ದ ಮೇಡಂ, “ಇಂಟಿ ಪೇರು?” ಎಂದು ಕೇಳಿದರಂತೆ. ತೆಲುಗಿನವರಿಗೆ ಅದು ಮನೆತನದ ಹೆಸರು, ತಮ್ಮ ಹೆಸರಿಗಿಂತ ಮೊದಲು ಬರೆಯುವಂಥದ್ದು. ಇಂಟಿ ಅಂದರೆ ಮನೆ, ಪೇರು ಅಂದರೆ ಹೆಸರು ಎಂಬಷ್ಟು ತೆಲುಗು ಇವರಿಗೆ ಆಗಲೇ ಬಂದಿತ್ತು. ಗೇಟಿನ ಮೇಲಿದ್ದ ಹೆಸರು ಹೇಳಿ ಬಂದರು.

ಬಂದವರು ಶಾಲೆಯನ್ನು ಭಾಳ ಹೊಗಳಿದರು. “ಇಲ್ಲಿ ಮನಿ ಹೆಸರೂ ಕೇಳಿ ಬರಕೋತಾರ. ನಮ್ಮೂರಾಗ ಮನಿಷ್ಯಾನ ಹೆಸರೂ ಕೇಳಂಗಿಲ್ಲ,” ಎಂದರು.

ಅಂದಿನಿಂದ ಮಗಳು ಶಾಲೆಯಲ್ಲಿ ಕೆ. ತಾರಾ ಆದಳು. ಕೆ ಅಂದರೆ ಕರ್ನಾಟಕ ಎಂದು ನಾವು ಅಂದುಕೊಂಡೆವು. ಹೊರಗಿನಿಂದ ಬಂದ ಮಕ್ಕಳನ್ನು ಗುರುತಿಸಲು ಹಾಗೆ ಹಾಕುತ್ತಾರೆಂದು ಇವರು ಊರಿನಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಬಂದಿದ್ದರು. ಹತ್ತನೆಯ ಅಂಕಪಟ್ಟಿ ಬಂದಾಗ ಪೂರ್ತಿ ಹೆಸರು ಅಚ್ಚಾಗಿತ್ತು. ತಾರಾ ಓದಿ ನಕ್ಕಳು. ಅವಳಪ್ಪ ನಗಲಿಲ್ಲ, ತಿದ್ದಿಸೋಣ ಅಂದರು. ಜೂನಿಯರ್ ಕಾಲೇಜಿನವರು ಆ ಹೆಸರಿನ ಬಗ್ಗೆ ಕೇಳಲೇ ಇಲ್ಲವಾದ್ದರಿಂದ ತಿದ್ದಿಸುವುದು ಉಳಿದುಹೋಯಿತು.

ಹೇಮಂತ ಎರಡು ದಾರಿ ಹೇಳಿದ. ಅಂಕಪಟ್ಟಿ ತಿದ್ದಿಸಬೇಕೆಂದರೆ ಶಾಲೆಯಿಂದ ಪರೀಕ್ಷಾ ಮಂಡಳಿಗೆ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಂಕಪಟ್ಟಿಯನ್ನೇ ಪುರಾವೆಯಾಗಿ ಕೊಟ್ಟು ಆಧಾರಿನಲ್ಲಿ ಕೌಮುದಿ ಸೇರಿಸಿದರೆ ಬೇಗ ಮುಗಿಯುತ್ತದೆ.

ಸಂಜೆ ಇವರಿಗೆ ಊಟಕ್ಕೆ ಇಕ್ಕುತ್ತ ವಿಷಯ ತಿಳಿಸಿದೆ. ಅಂಕಪಟ್ಟಿಯನ್ನೇ ತಿದ್ದಿಸುತ್ತೇನೆ ಅಂದರು. ಸಮಯ ಸಾಲುವುದಿಲ್ಲ ಎಂದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಆ ಗೇಟು ನಾ ಕಾದೀನಿ. ಅದರ ಹೆಸರು ನನ್ನ ಮಗಳ ಮುಂದ ಬ್ಯಾಡ.”

ಅವರ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಆ ಮನೆಯವರು ಕೆಟ್ಟವರಾಗಿರಲಿಲ್ಲ. ಆದರೆ ಅಲ್ಲಿ ಇದ್ದಷ್ಟು ದಿನ ಯಾರೂ ಅವರನ್ನು ಮೌನಪ್ಪ ಎಂದು ಕರೆಯಲಿಲ್ಲ. ಒಳಗಿನವರಿಗೆ ವಾಚ್‌ಮನ್. ಹೊರಗೆ ಕಿರಾಣಿ ಅಂಗಡಿಯವನಿಗೆ, ಇಸ್ತ್ರಿಯವನಿಗೆ, ಹಾಲಿನವನಿಗೆ ಇವರೇ ಕೌಮುದಿ. ಏ ಕೌಮುದಿ, ನಿಮ್ಮ ಸಾರ್ ಬಟ್ಟೆ ಒಯ್ಯಿ, ಎನ್ನುತ್ತಿದ್ದರು. ಇವರು ಓ ಎನ್ನುತ್ತಿದ್ದರು.

ಮರುದಿನ ಕೆಲಸ ಬಿಟ್ಟು ಉಪ್ಪಲ್‌ನ ಶಾಲೆಗೆ ಹೋದರು. ಹಳೆಯ ಮೇಡಂ ಇರಲಿಲ್ಲ. ಹೊಸಬರು ಮರ್ಯಾದೆಯಿಂದ ಕೂರಿಸಿ, ವಕೀಲರಿಂದ ಕಾಗದ ಮಾಡಿಸಿ ತನ್ನಿ ಎಂದರಂತೆ. ಅದನ್ನು ಮಾಡಿಸಿ ಮತ್ತೆ ಹೋದಾಗ, ಮಂಡಳಿಗೆ ಕಳಿಸುತ್ತೇವೆ, ಉತ್ತರ ಯಾವಾಗ ಬರುತ್ತದೋ ಹೇಳಲಾಗದು ಎಂದರು. ಇವರು ಮನೆಗೆ ಬಂದು ಇಷ್ಟು ಹೇಳಿ ಕೆಲಸದ ಬಟ್ಟೆ ಹಾಕಿಕೊಂಡರು. ಅರ್ಧ ದಿನದ ಕೂಲಿಯಾದರೂ ಸಿಗಲಿ ಎಂದು ಹೊರಟುಹೋದರು.

ನಾನು ಹೆಂಚು ಇಳಿಸಿ, ಹಿಟ್ಟಿನ ಕೈ ತೊಳೆದು, ತಾರಾಳನ್ನು ಕರೆದುಕೊಂಡು ಹೇಮಂತನ ಅಂಗಡಿಗೆ ಹೋದೆ. ಅವನು ಆಧಾರಿನ ತಿದ್ದುಪಡಿ ತೆರೆದ. ಒಂದು ಓಟಿಪಿ ಬರುತ್ತದೆ, ಆ ಅಂಕಿ ಹೇಳಿ ಎಂದ. ಅದು ನನ್ನ ಫೋನಿಗೆ ಬರಲಿಲ್ಲ. ತಾರಾಳ ಆಧಾರಿಗೆ ಜೋಡಿಸಿದ್ದ ನಂಬರು ಅವಳಪ್ಪನದು.

ಫೋನು ಮಾಡಿದೆ. ಹಿಂದೆ ಟೈಲ್ಸ್ ಕೊಯ್ಯುವ ಮಷೀನಿನ ಸದ್ದು. ಅಂಕಿ ಬಂದಿದೆ, ಹೇಳಿ ಎಂದೆ. ಯಾತರದು ಎಂದು ಅವರು ಕೇಳಲಿಲ್ಲ. ಹೇಳಲೂ ಇಲ್ಲ. ಮಷೀನು ನಿಂತಿತು. ಹೇಮಂತ ಪರದೆಯ ಮೇಲೆ ಕಡಿಮೆಯಾಗುತ್ತಿದ್ದ ಸಮಯವನ್ನು ಬೆರಳಿನಿಂದ ತೋರಿಸಿದ.

ತಾರಾ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಅವಳು ಅಪ್ಪನ ಜೊತೆ ಏರುದನಿಯಲ್ಲಿ ಮಾತಾಡಿದವಳಲ್ಲ. ಆಗಲೂ ದನಿ ಏರಿಸಲಿಲ್ಲ.

“ಅಪ್ಪಾ, ಕಾಲೇಜ್ ಬಿಟ್ರ ನನಗೂ ಒಂದು ಗೇಟೇ ಸಿಗೂದು,” ಎಂದಳು.

ಅಷ್ಟರಲ್ಲಿ ಓಟಿಪಿಯ ಸಮಯ ಮುಗಿಯಿತು. ಹೇಮಂತ ನಮ್ಮನ್ನು ಕೇಳದೆಯೇ ಇನ್ನೊಂದು ಕಳಿಸಿದ. ಈ ಸಲ ಅವಳಪ್ಪ ಒಂದೊಂದೇ ಅಂಕಿಯನ್ನು ಕನ್ನಡದಲ್ಲಿ ಹೇಳಿದರು, ಅವಳು ತೆಲುಗಿನಲ್ಲಿ ಹೇಮಂತನಿಗೆ ಒಪ್ಪಿಸಿದಳು. ಮುಗಿದ ಮೇಲೂ ಅವರು ಫೋನು ಇಡಲಿಲ್ಲ.

“ಕೌಮುದಿ ಅಂದ್ರ ಏನಲೇ?”

“ಬೆಳದಿಂಗಳಂತ, ಅಪ್ಪಾ.”

“ಹೌದೇನು. ಆ ಮನಿಯವರಿಗೆ ಗೊತ್ತಿತ್ತೋ ಇಲ್ಲೋ,” ಎಂದರು. ಮಷೀನು ಮತ್ತೆ ಶುರುವಾಯಿತು.

ಹೊಸ ಹೆಸರಿನ ಆಧಾರ್ ತಿಂಗಳು ಮುಗಿಯುವ ಮೊದಲೇ ಸಿಕ್ಕಿತು. ಮೂವರೂ ಅಂಗಡಿಗೆ ಹೋದೆವು. ಇವರು ಹೊರಗೆ ಮೆಟ್ಟಿಲ ಮೇಲೆ ನಿಂತರು. ಕೌಮುದಿ ತಾರಾ ಎಂದು ಹೊಡೆದಾಗ ಅರ್ಜಿ ತಕರಾರು ಮಾಡಲಿಲ್ಲ. ಆಮೇಲೆ ತಂದೆಯ ಹೆಸರಿನ ಜಾಗ ಬಂತು. ಅಲ್ಲೂ ಮೊದಲು ಇಂಟಿ ಪೇರು. ಅದನ್ನು ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ತಂದೆಯದೂ ಕೌಮುದಿಯೇ ತಾನೆ, ಹಾಕಲೇ ಎಂದು ಹೇಮಂತ ಕೇಳಿದ. ತಾರಾ ಬಾಗಿಲ ಕಡೆ ನೋಡಿದಳು.

“ನಂದು ಬರೀ ಮೌನಪ್ಪ,” ಎಂದರು ಇವರು, ಒಳಗೆ ಬಾರದೆ.

ಹೇಮಂತ ಸ್ವಲ್ಪ ಯೋಚಿಸಿ, ಆ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ನೋಡಿದ. ಕಂಪ್ಯೂಟರು ಅದನ್ನು ಒಪ್ಪಿಕೊಂಡಿತು, ಅರ್ಜಿ ಹೋಯಿತು.