ಇಯರ್‌ಫೋನ್ ವೈರು ಹೇಳಿದ್ದು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಬಸವಪ್ರಭು ಮಗಳ ಮುಖಕ್ಕೆ ಅದೆಷ್ಟು ಸಲ ಎಸೆದಿದ್ದನೋ ಆ ಶಿವನೇ ಬಲ್ಲ. ಗುಬ್ಬಿಯಲ್ಲಿ ಕೊಬ್ಬರಿ ಎಣ್ಣೆಯ ಗಾಣ, ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮನೆ. ಮಗಳು ಅಕ್ಷತಾ ಏರ್ ರೈಫಲ್ ಹಿಡಿದ ಮೇಲೆ ಅವನ ಜೀವವೆಲ್ಲ ಆ ರೈಫಲ್ ಮೇಲೆಯೇ. ನಾಳೆ ಬೆಳಿಗ್ಗೆ ಕುಣಿಗಲ್‌ನಲ್ಲಿ ಜಿಲ್ಲಾ ತಂಡದ ಆಯ್ಕೆ. ಜೂನಿಯರ್ ವಯಸ್ಸಿನಲ್ಲಿ ಅವಳಿಗೆ ಇದೇ ಕೊನೆಯ ಅವಕಾಶ. ಇಂಥ ಹೊತ್ತಿನಲ್ಲಿ, ಚಳಿಗಾಲ ಶುರುವಾದಾಗಿನಿಂದ, ಬೆಳಗ್ಗೆ ಅವಳು ಹೊಡೆದ ಗುಂಡೆಲ್ಲ ಗುರಿಯಿಂದ ಕೆಳಕ್ಕೇ ಬೀಳುತ್ತಿದ್ದವು. ಮಧ್ಯಾಹ್ನ ಹೊಡೆದರೆ ಎಲ್ಲ ಸರಿ.

"ರೈಫಲ್ಲೇ ಸ್ಲೋ ಆಗಿದೆ ಅಪ್ಪಾಜಿ."

"ರೈಫಲ್ ಅಲ್ಲ ಕಣೇ, ನಿನ್ ಎದೇಲಿ ದಮ್ಮಿಲ್ಲ. ಬೆಳಗ್ಗೆ ಎದ್ರೆ ಕೈ ನಡುಗುತ್ತೆ. ಅಂಜುಬುರುಕಿ!"

ಬೈಯುವುದಾದರೂ ದೂರದಿಂದ ಬೈದನೇ? ಊಹೂಂ. ಮನೆ ಪಕ್ಕದ ಓಣಿಯಲ್ಲಿ ಅವಳು ಅಭ್ಯಾಸ ಮಾಡುವಾಗ ಬೆನ್ನಿಗಂಟಿ ನಿಂತು, ಪ್ರತಿ ಗುಂಡಿಗೂ ಒಂದು ಮಾತು. ಅವಳ ಫೋನು ಕಿತ್ತಿಟ್ಟ, ಕಾಫಿ ಬಿಡಿಸಿದ, ಗೆಳತಿಯ ಮದುವೆಗೂ ಕಳಿಸಲಿಲ್ಲ. ಹುಡುಗಿ ಅನ್ನ ಮುಟ್ಟುವುದೇ ಕಡಿಮೆಯಾಯಿತು.

ಕೊನೆಗೆ ಅವಳ ಸೋದರಮಾವ ಮಲ್ಲಿಕಾರ್ಜುನ್ ಗುಬ್ಬಿಯಿಂದ ಬೆಳಗ್ಗೆಯೇ ಬಂದ. ಕೈಯಲ್ಲೊಂದು ಹಳೇ ಕ್ರೋನೋಗ್ರಾಫ್. ಗುಂಡು ಅದರ ಮೇಲೆ ಹಾದುಹೋದರೆ ಎಷ್ಟು ವೇಗವಾಗಿ ಹೋಯಿತೆಂದು ಹೇಳುವ ಯಂತ್ರ. ಅದರ ಪರದೆ ಸತ್ತು ವರ್ಷಗಳಾಗಿದ್ದವು, ಫೋನಿಗೆ ಜೋಡಿಸುವ ಕೇಬಲ್ಲನ್ನು ಇಲಿ ಕಡಿದಿತ್ತು.

"ಜೋಡ್ಸೋ ಮಲ್ಲಿ, ಸುಳ್ಳು ಯಾರ್ದು ಅಂತ ಇವತ್ತೇ ಗೊತ್ತಾಗ್ಲಿ," ಅಂದ ಬಸವಪ್ರಭು. ತಾನೇ ಗೆಲ್ಲುತ್ತೇನೆಂಬ ಹಮ್ಮು.

ಮಲ್ಲಿಕಾರ್ಜುನ್ ಹಳೇ ಇಯರ್‌ಫೋನಿನ ವೈರು ಕತ್ತರಿಸಿ, ಯಂತ್ರದ ಪಿನ್ನಿಗೆ ಬೆಸೆದು, ಇನ್ನೊಂದು ತುದಿಯನ್ನು ಅಕ್ಕ ಸರ್ವಮಂಗಳಮ್ಮನ ಫೋನಿಗೆ ಚುಚ್ಚಿದ. ಇಯರ್‌ಫೋನಿನ ತೂತಿದ್ದದ್ದು ಆ ಮನೆಯಲ್ಲಿ ಅದೊಂದು ಫೋನಿಗೇ. ಅಕ್ಷತಾ ಹೊಡೆದಳು. ಫೋನಿನಲ್ಲಿ ಏನೂ ಬರಲಿಲ್ಲ.

"ಶಭಾಷ್! ಮಾವನೂ ಸೊಸೇನೂ ಸರಿಯಾದ ಜೋಡಿ," ಎಂದು ಬಸವಪ್ರಭು ನಕ್ಕ.

"ತಡೀರಿ ಭಾವ, ಎಳೆ ಮೇಲಿನ ಬಣ್ಣ ಸುಡೋದು ಮರ್ತಿದ್ದೆ." ಕೂದಲಿನಂಥ ಆ ಎಳೆಗಳಿಗೆ ಬಣ್ಣದ ಲೇಪ, ಅದಿರುವವರೆಗೂ ಬೆಸುಗೆ ಹಿಡಿಯುವುದಿಲ್ಲ. ಬೆಂಕಿಕಡ್ಡಿ ಗೀರಿ ಸುಟ್ಟು, ಉಜ್ಜಿ, ಮತ್ತೆ ಬೆಸೆದ.

ಅಕ್ಷತಾ ಮತ್ತೆ ಹೊಡೆದಳು. ಸೆಕೆಂಡಿಗೆ ನೂರಾ ಐವತ್ತೊಂದು ಮೀಟರ್ ಅಂದಿತು ಫೋನು. ಮುಂದಿನದು ನೂರಾ ಅರವತ್ತು, ಆಮೇಲೆ ನೂರಾ ನಲವತ್ತೆಂಟು. ನೂರಾ ಎಪ್ಪತ್ತರ ಮೇಲೆ ಬರಬೇಕಿದ್ದ ರೈಫಲ್ಲು ಕುಂಟುತ್ತಿತ್ತು. ನಿಧಾನವಾದ ಗುಂಡು ಕೆಳಗೆ ಬೀಳದೆ ಇನ್ನೇನು ಮೇಲಕ್ಕೆ ಹಾರೀತೇ? ಬಸವಪ್ರಭುವಿನ ನಗು ಅಲ್ಲೇ ನಿಂತಿತು.

ಮಲ್ಲಿಕಾರ್ಜುನ್ ರೈಫಲ್ಲಿನ ನಳಿಗೆಯೊಳಗೆ ಬಟ್ಟೆ ತೂರಿಸಿ ಎಳೆದ. ಬಿಳಿಯ ಜಿಡ್ಡು ಮೆತ್ತಿಕೊಂಡು ಬಂತು. ಮೂಸಿ ನೋಡಿದ. ಗಟ್ಟಿಯಾದ ಕೊಬ್ಬರಿ ಎಣ್ಣೆ.

"ಅಯ್ಯೋ ಶಿವನೇ, ಇದನ್ಯಾರು ಹಾಕಿದ್ದು?" ಅಂದಳು ಸರ್ವಮಂಗಳಮ್ಮ.

ಬಸವಪ್ರಭು ಆ ಬಟ್ಟೆ ಇಸಿದುಕೊಂಡು ತಾನೂ ಮೂಸಿದ. ಆಯುಧಪೂಜೆಯ ದಿನ ಗಾಣದ ಯಂತ್ರಕ್ಕೆಲ್ಲ ಎಣ್ಣೆ ಬಿಟ್ಟು ವಿಭೂತಿ ಹಚ್ಚಿದವನು, ರೈಫಲ್ಲೂ ಆಯುಧವೇ ತಾನೇ ಎಂದು ನಳಿಗೆಗೂ ಬಿಟ್ಟಿದ್ದ. ಅಂದಿನಿಂದ ಪ್ರತಿ ಸೋಮವಾರ, ಮಗಳು ಏಳುವ ಮೊದಲು, ಭಕ್ತಿಯಿಂದ ಬಿಡುತ್ತಲೇ ಬಂದಿದ್ದ. ಬೆಳಗಿನ ಚಳಿಗೆ ಅದು ಒಳಗೇ ಹೆಪ್ಪುಗಟ್ಟುತ್ತಿತ್ತು, ಮಧ್ಯಾಹ್ನದ ಬಿಸಿಲಿಗೆ ಕರಗುತ್ತಿತ್ತು.

"ನಾನೇ ಕಣಮ್ಮಾ," ಅಂದ. "ತುಕ್ಕು ಹಿಡೀಬಾರ್ದು, ನಿಂಗೆ ಒಳ್ಳೇದಾಗ್ಲಿ ಅಂತ…"

ಅಕ್ಷತಾ ಅವನತ್ತ ತಿರುಗಲೂ ಇಲ್ಲ. ಮಾವ ನಳಿಗೆಯನ್ನು ಚೊಕ್ಕ ಮಾಡಿಕೊಟ್ಟ. ಅವಳು ಹೊಡೆದಳು, ನೂರಾ ಎಪ್ಪತ್ತೆರಡು. ಮತ್ತೆ ಅದೇ. ಬಸವಪ್ರಭುವಿಗೆ ಹೋದ ಜೀವ ಬಂದಂತಾಯಿತು.

"ಸರಿ ಹೋಯ್ತಲ್ಲಮ್ಮಾ! ನಾಳೆ ಬೆಳಗ್ಗೆ ಬೇಗ ಹೊರಡಾಣ. ನಾನೇ ಕಾರ್ ತೆಗೀತೀನಿ."

"ಮಾವನ ಜೊತೆ ಹೋಗ್ತೀನಿ. ನೀವು ಬರ್ಬೇಡಿ."

"ಯಾಕಮ್ಮಾ? ರೈಫಲ್ ಸರಿಯಾಯ್ತಲ್ಲ?"

"ರೈಫಲ್ ಸರಿಯಾಯ್ತು ಅಪ್ಪಾಜಿ. ನೀವು ಹಿಂದೆ ನಿಂತ್ರೆ ಈಗ ನಿಜವಾಗ್ಲೂ ನನ್ ಕೈ ನಡುಗುತ್ತೆ."

ಅವಳು ಇನ್ನೊಂದು ಗುಂಡು ತುಂಬಿ, ರೈಫಲ್ ಎತ್ತದೆ ಹಾಗೆಯೇ ನಿಂತಳು. ಅವಳು ಕಾಯುತ್ತಿರುವುದು ತಾನು ಹೋಗಲೆಂದೇ ಎಂದು ತಿಳಿಯಲು ಬಸವಪ್ರಭುವಿಗೆ ಸ್ವಲ್ಪ ಹೊತ್ತು ಹಿಡಿಯಿತು.